ಹೊರಗಿನ ಕೇಸು

ಅವರ ಬಾಯಿಂದ ‘ಗಡ್ಡೆ’ ಎಂಬ ಮಾತು ಸುಲಭಕ್ಕೆ ಹೊರಡುತ್ತಿರಲಿಲ್ಲ. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಗಿಸುವುದೇ ತಡ, ಬೆರಳು ಚಾಚಿ ರೋಗಕ್ಕೆ ಹೆಸರಿಟ್ಟುಬಿಡುವ ಡಾಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಹಾಗಲ್ಲ. ಮೊದಲು ಕೋಣೆಯ ದೀಪ ಆರಿಸಬೇಕು. ಆಮೇಲೆ ಜೇಬಿನಿಂದ ಅಂಚು ಸವೆದ ಒಂದು ಪೋಸ್ಟ್‌ಕಾರ್ಡು ತೆಗೆದು, ಫಿಲ್ಮಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗ ಯಾವುದೋ ಅದನ್ನೇ ಮುಚ್ಚಿಬಿಡುತ್ತಿದ್ದರು.

“ಇದು ಹ್ಯಾಂಗೂ ಕಾಣತದ. ಉಳದದ್ದು ನೋಡೂಣು ಮೊದಲ,” ಎನ್ನುತ್ತಿದ್ದರು.

ನಾನು ಅವರ ಹೆಸರು ಬರೆಯುವುದಿಲ್ಲ. ಪುಣೆಯ ದವಾಖಾನೆಗಳಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಹೆಸರು. ಗೊತ್ತಿಲ್ಲದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಸರ್ ಎನ್ನುತ್ತಿದ್ದೆ, ಸರ್ ಎಂದೇ ಬರೆಯುತ್ತೇನೆ. ಸ್ವಾರಗೇಟಿನ ಹತ್ತಿರದ ಅವರ ಸ್ಕ್ಯಾನ್ ಸೆಂಟರಿನಲ್ಲಿ ಹನ್ನೊಂದು ವರ್ಷ ನಾನು ಸಿಟಿ ಸ್ಕ್ಯಾನಿನ ಟೆಕ್ನಿಶಿಯನ್ ಆಗಿದ್ದೆ. ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕೇಳಿ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎರಡರಲ್ಲಿ ಯಾವುದೂ ನಾಟಕವಲ್ಲ.

ಅವರು ಧಾರವಾಡದ ಕಡೆಯವರು, ನಾನು ವಿಜಾಪುರದ ಕಡೆಯವನು. ಹೊರಗೆ ಕೌಂಟರಿನಲ್ಲಿ, ಫೋನಿನಲ್ಲಿ, ಸರ್ಜನ್ನರ ಜೊತೆ ಎಲ್ಲ ಮರಾಠಿ. ಬಾಗಿಲು ಮುಚ್ಚಿ ಕತ್ತಲೆ ಕೋಣೆ ಸೇರಿದೆವೆಂದರೆ ಕನ್ನಡ. ಬಂದ ಹೊಸದರಲ್ಲಿ ಆ ಕನ್ನಡಕ್ಕೇ ನಾನು ಮರುಳಾದೆ. ಊರು ಬಿಟ್ಟು ಬಂದವನಿಗೆ ಸಾಹೇಬನೊಬ್ಬ ತನ್ನ ಮನೆಯ ಮಾತಿನಲ್ಲಿ ಬಯ್ದರೂ ಹಿತವಾಗುತ್ತದೆ.

ಅವರ ಹುಚ್ಚು ಅಂದರೆ ಅಡ್ರಿನಲ್ ಗ್ರಂಥಿ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಕೂತಿರುತ್ತದೆ, ಹೆಬ್ಬೆರಳಿಗಿಂತ ಕೊಂಚ ದೊಡ್ಡದು. ಅಲ್ಲಿ ಏನಾದರೂ ಉಬ್ಬಿದ್ದು ಕಂಡರೆ ಅದು ಕ್ಯಾನ್ಸರ್ ಇರಬಹುದು, ಯಾವ ತೊಂದರೆಯನ್ನೂ ಕೊಡದ ಕೊಬ್ಬಿನ ಗಂಟೂ ಇರಬಹುದು. ಅದಕ್ಕಿಂತ ದೊಡ್ಡ ಪಜೀತಿ ಎಂದರೆ, ಅದು ಅಡ್ರಿನಲ್ಲೇ ಅಲ್ಲದಿರಬಹುದು.

“ಎಡಗಡಿ ಅಡ್ರಿನಲ್ ಅಂದ್ರ ಪೇಠಿಯೊಳಗಿನ ಹಳೇ ವಾಡೆ ಇದ್ದಂಗ,” ಎಂದು ಮೊದಲ ವಾರವೇ ನನಗೆ ಹೇಳಿದ್ದರು. “ಜಠರ, ಗುಲ್ಮ, ರಕ್ತನಾಳ ಎಲ್ಲಾ ಒಂದಕ್ಕೊಂದು ಗ್ವಾಡಿ ಹತ್ತಿಸಿಕೊಂಡು ಕುಂತಾವ. ಮಂದಿ ಬಾಜೂ ಮನಿಯವನ್ನ ಹಿಡದು ಇವನ ಕಳ್ಳ ಅಂತಾರ.”

“ಮತ್ತ ಗೊತ್ತಾಗೂದು ಹ್ಯಾಂಗ್ರಿ ಸರ್?”

“ನೀರ ಕುಡಸು. ಗಡ್ಡಿ ನೀರ ಕುಡಿಯೂದಿಲ್ಲ.”

ಇದು ಅವರ ಪದ್ಧತಿ. ಹೊಟ್ಟೆಯ ಸ್ಕ್ಯಾನಿಗೆ ಬಂದವರು ಒಂದು ತಾಸು ಮೊದಲಿನಿಂದ ಔಷಧಿ ಬೆರೆಸಿದ ನೀರು ಕುಡಿಯಬೇಕು. ಇದನ್ನು ಎಲ್ಲ ಕಡೆ ಮಾಡುತ್ತಾರೆ. ಆದರೆ ನಮ್ಮಲ್ಲಿ ಕಡೆಯ ಗ್ಲಾಸನ್ನು ಮೇಜು ಹತ್ತುವ ಮುಂಚೆ ನನ್ನ ಕಣ್ಣೆದುರೇ ಕುಡಿದು ಮುಗಿಸಬೇಕು. ಆ ನೀರು ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. ಎಡಗಡೆ ಅನುಮಾನದ ಉಬ್ಬು ಕಂಡರೆ ಮತ್ತೊಂದು ಗ್ಲಾಸು ಕುಡಿಸಿ, ಬೋರಲು ಮಲಗಿಸಿ, ಮತ್ತೆ ತೆಗೆಯುವುದು. ಉಬ್ಬು ಬೆಳ್ಳಗಾದರೆ ಅದು ಜಠರದ್ದೇ ಒಂದು ಮಡಿಕೆ, ಮನೆಗೆ ಹೋಗಬಹುದು. ಆಗದಿದ್ದರೆ ಮುಂದಿನ ಮಾತು. ಬೇರೆ ಸೆಂಟರಿನವರು ಅವರನ್ನು ‘ಪಾಣೀವಾಲೆ ಡಾಕ್ಟರ್’ ಎಂದು ಆಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಸರ್ ಇನ್ನಷ್ಟು ಖುಷಿಯಲ್ಲಿರುತ್ತಿದ್ದರು.

ಹಿಂಜವಾಡಿಯಲ್ಲಿ ಕಟ್ಟಡಗಳು ಏಳತೊಡಗಿದ ಕಾಲ. ಅಲ್ಲಿ ಕಾಂಕ್ರೀಟು ಹೊರುತ್ತಿದ್ದ ಸುರಪುರದ ಕಡೆಯ ಒಬ್ಬ ಆಳು ಹೆಂಡತಿಯ ಜೊತೆ ಬಂದ. ಶ್ವಾಸಕೋಶದಲ್ಲಿ ಗಡ್ಡೆ. ಬೇರೆಲ್ಲೋ ತೆಗೆಸಿದ್ದ ಸ್ಕ್ಯಾನಿನಲ್ಲಿ ಅಡ್ರಿನಲ್ಲೂ ದಪ್ಪಗಾಗಿದೆ, ರೋಗ ಹರಡಿದೆ, ಆಪರೇಶನ್ ಮಾಡಿ ಫಲವಿಲ್ಲ ಎಂದು ಬರೆದಿತ್ತು. ಸರ್ ಪೋಸ್ಟ್‌ಕಾರ್ಡು ತೆಗೆದರು, ಮುಚ್ಚಿದರು, ನೋಡಿದರು. ಆಮೇಲೆ ಹೊರಗೆ ಹೋಗಿ ಆಕೆಯ ಮುಂದೆ ನಿಂತರು.

“ಯಾವೂರವ್ವಾ ನಿಂದು?”

ಕನ್ನಡ ಕೇಳಿ ಆ ಹೆಣ್ಣುಮಗಳು ನಿಂತಲ್ಲೇ ನೆಲಕ್ಕೆ ಕೂತುಬಿಟ್ಟಳು. “ಸುರಪುರ ಕಡ್ಯಾವ್ರಿ ಯಪ್ಪಾ. ಏನೂ ಮಾಡಾಕ ಬರೂದಿಲ್ಲ ಅಂದಾರ್ರೀ.”

“ಯಾರ ಅಂದಾರ? ತಡಿ, ನಾ ನೋಡತೀನಿ.”

ಇಂಜೆಕ್ಷನ್ ಇಲ್ಲದೆ ಮತ್ತೆ ಸ್ಕ್ಯಾನ್ ಮಾಡಿಸಿದರು. “ಇಂಜೆಕ್ಷನ್ ಕೊಟ್ಟ ಮ್ಯಾಲ ಎಲ್ಲಾನೂ ಹೊಳೀತಾವ ಬಸವರಾಜ. ಬಣ್ಣಾ ಹಚ್ಚೂ ಮೊದಲ ಮಾರಿ ಹ್ಯಾಂಗ ಅದ ನೋಡಬೇಕು,” ಎಂದರು. ಉಬ್ಬಿನ ಮೇಲೆ ಗುರುತು ಇಟ್ಟಾಗ ಪರದೆಯ ಮೇಲೆ ಬಂದ ಅಂಕಿ ತೀರ ಕಡಿಮೆ ಇತ್ತು. ಅಂದರೆ ಒಳಗೆ ಕೊಬ್ಬು, ನಿರುಪದ್ರವಿ. ಸರ್ಜನ್ನನಿಗೆ ಫೋನು ಮಾಡಿ, “ಪಸರಲೇಲಂ ನಾಹೀ. ಆಪರೇಶನ್ ಕರಾ,” ಎಂದರು, ಹರಡಿಲ್ಲ, ಮಾಡಿ ಎಂದು. ಮರುವರ್ಷ ಆ ಮನುಷ್ಯ ಒಂದು ಚೀಲ ತೊಗರಿಬೇಳೆ ಹೊತ್ತು ತಂದು ಕೌಂಟರಿನ ಮೇಲಿಟ್ಟು, “ಸಾಹೇಬ್ರಿಗೆ ನಾ ಇದೀನಿ ಅಂತ ಹೇಳ್ರಿ,” ಎಂದ. ಸರ್ ಕೋಣೆಯಿಂದ ಹೊರಗೆ ಬರಲಿಲ್ಲ. ಒಳಗೆ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

ಇನ್ನೊಮ್ಮೆ ಕಿರಿಯ ಡಾಕ್ಟರೊಬ್ಬ ಇಂಥದೇ ಉಬ್ಬಿಗೆ ಸೂಜಿ ಹಾಕಲು ಸಿದ್ಧನಾಗಿ ನಿಂತಿದ್ದ. ಸರ್ ಬಾಗಿಲಲ್ಲೇ ನಿಂತು, ರೋಗಿಯ ಮೂತ್ರದ ಪರೀಕ್ಷೆ ಆಗಿದೆಯೇ ಎಂದು ಕೇಳಿದರು. ಆಗಿರಲಿಲ್ಲ. ಕೆಲವು ಅಡ್ರಿನಲ್ ಗಡ್ಡೆಗಳು ಮುಟ್ಟಿದರೆ ಸಾಕು, ರಕ್ತದೊತ್ತಡ ಏರಿ ಮೇಜಿನ ಮೇಲೇ ಜೀವ ಹೋಗುತ್ತದೆ. ಸೂಜಿ ಕೆಳಗಿಡಿಸಿದರು. ಪರೀಕ್ಷೆಯಲ್ಲಿ ಅದು ಅಂಥ ಗಡ್ಡೆಯೇ ಎಂದು ಗೊತ್ತಾಯಿತು. ಇಂಥವರ ಕೈಕೆಳಗೆ ಕೆಲಸ ಮಾಡುವುದು ಪುಣ್ಯ ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಈಗಲೂ ಆ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಅದೇ ಸಂಕಟ.

ಅವರಿಗೊಂದು ಚಟವಿತ್ತು, ಭಾಷಣದ್ದು. ಸ್ಟೀಲಿನ ಕಪಾಟಿನಲ್ಲಿ ಬೇರೆಯವರ ತಪ್ಪುಗಳನ್ನು ಕೂಡಿಟ್ಟಿದ್ದರು. ಯಾರೋ ಗುಲ್ಮದ ತುಣುಕನ್ನು ಗಡ್ಡೆ ಎಂದದ್ದು, ಇನ್ಯಾರೋ ಸೊಟ್ಟಗೆ ಹರಿದ ರಕ್ತನಾಳವನ್ನು ಗಡ್ಡೆ ಎಂದದ್ದು. ಅವನ್ನೆಲ್ಲ ಸ್ಲೈಡು ಮಾಡಿಸಿ ಸಭೆಗಳಲ್ಲಿ ತೋರಿಸುತ್ತಿದ್ದರು. ಪ್ರೊಜೆಕ್ಟರಿನ ಬಟನ್ ಒತ್ತುವವನು ನಾನು. ಪ್ರತಿ ತಪ್ಪಿನ ಮುಂದೆ ಅವರು ಒಂದೇ ಮಾತು ಹೇಳುವರು: “ಹೊರಗಿನ ಕೇಸು.” ಅಂದರೆ ನಮ್ಮದಲ್ಲ, ಬೇರೆಲ್ಲೋ ಆದದ್ದು. ಸಭೆ ನಗುತ್ತಿತ್ತು. ಯಾವನೋ ಬಡಪಾಯಿ ಟೆಕ್ನಿಶಿಯನ್ನಿನ ಅವಾಂತರ ಬಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಇನ್ನು ಅಕ್ಕನ ವಿಷಯ. ನನ್ನನ್ನು ಪುಣೆಗೆ ಕರೆತಂದವಳು ಅವಳು. ಧನಕವಡಿಯ ಎರಡು ಕೋಣೆಯ ಮನೆಯಲ್ಲಿ ನನಗೊಂದು ಮೂಲೆ ಕೊಟ್ಟು, ಟೆಕ್ನಿಶಿಯನ್ ಕೋರ್ಸು ಓದಿಸಿದಳು. ಕೆಲಸ ಸಿಕ್ಕ ಮೇಲೆ ನಾನು ಬೇರೆ ಮನೆ ಮಾಡಿದೆ. ಭಾವ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಅಕ್ಕ ನಮ್ಮ ಕಡೆಯ ಕಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ಕಾಲೇಜಿನ ಹುಡುಗರು, ಒಂಟಿ ಗುಮಾಸ್ತರು, ಇಡೀ ಓಣಿಯ ಕನ್ನಡದವರು ಅವಳ ಗಿರಾಕಿಗಳು. ಬೆಳಿಗ್ಗೆ ಅವಳ ಮನೆಯ ಮುಂದೆ ಹಾದು ಹೋದರೆ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ಅಂಗೈಯ ಸದ್ದು ರಸ್ತೆಗೆ ಕೇಳುತ್ತಿತ್ತು.

ಒಂದು ವರ್ಷ ಅವಳಿಗೆ ಊಟವಾದ ಮೇಲೆ ಎಡಗಡೆ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಬೇರೊಂದು ಕಡೆ ಸೋನೋಗ್ರಫಿ ಮಾಡಿದವರು, ಕಿಡ್ನಿಯ ಮೇಲೆ ಏನೋ ಇದೆ, ಸಿಟಿ ಮಾಡಿಸಿ ಎಂದರು. ನಾನು ಅವಳನ್ನು ನಮ್ಮ ಸೆಂಟರಿಗೇ ಕರೆದುಕೊಂಡು ಹೋದೆ. ಬೇರೆ ಕಡೆ ಯಾಕೆ ಹೋಗಬೇಕು?

ಅವತ್ತು ಸರ್ ಮಧ್ಯಾಹ್ನದ ರೈಲಿಗೆ ಮುಂಬಯಿಗೆ ಹೊರಟಿದ್ದರು, ಒಂದು ದೊಡ್ಡ ಸಭೆಯಲ್ಲಿ ಭಾಷಣಕ್ಕೆ. ಭಾಷಣದ ವಿಷಯ ಬರೆದರೆ ನೀವು ನಂಬುವುದಿಲ್ಲ: ಅಡ್ರಿನಲ್ ಗಡ್ಡೆಯೆಂದು ಮೋಸಗೊಳಿಸುವ ಉಬ್ಬುಗಳು. ಅಕ್ಕ ಔಷಧಿಯ ನೀರು ಕುಡಿದವಳೇ ಎಲ್ಲವನ್ನೂ ವಾಂತಿ ಮಾಡಿಕೊಂಡಳು.

“ಸರ್, ಹೊಟ್ಟಿ ಖಾಲಿ ಅದರಿ. ಒಂದ ತಾಸ ತಡದು ಮತ್ತ ಕುಡಸ್ತೀನ್ರಿ,” ಎಂದೆ, ಅಕ್ಕನನ್ನು ಹೊರಗೆ ಕೂರಿಸಿ ಸರ್ ಕೋಣೆಗೆ ಹೋಗಿ.

ಅವರು ಗಡಿಯಾರ ನೋಡಿದರು. “ತಾಸ ಎಲ್ಲದನೋ? ಇಂಜೆಕ್ಷನ್ ಕೊಟ್ಟು ತಗದಬಿಡು.”

“ಕಡೇ ಗ್ಲಾಸರೆ...”

“ಬ್ಯಾಡಂದೆ. ನನ್ನ ಕಣ್ಣಿನ ಮ್ಯಾಲ ನಂಬಿಕಿ ಇಲ್ಲೇನು ನಿನಗ?”

ಇತ್ತು. ಅದೇ ನನ್ನ ತಪ್ಪು. ಮೇಜಿನ ಮೇಲೆ ಅಕ್ಕ ಮಧ್ಯದಲ್ಲೊಮ್ಮೆ ಕೆಮ್ಮಿದಳು, ಒಂದು ಚಿತ್ರದ ಅಂಚು ಮಸುಕಾಯಿತು. ಎಡಗಡೆ ನಿಂಬೆಹಣ್ಣಿನ ಗಾತ್ರದ ಉಬ್ಬು ಸ್ಪಷ್ಟವಾಗಿತ್ತು. ಸರ್ ನಿಂತುಕೊಂಡೇ ನೋಡಿದರು. ದೀಪ ಆರಿಸಲಿಲ್ಲ, ಪೋಸ್ಟ್‌ಕಾರ್ಡು ಜೇಬಿನಿಂದ ಹೊರಗೆ ಬರಲಿಲ್ಲ. ಎಡ ಅಡ್ರಿನಲ್ಲಿನ ಗಡ್ಡೆ, ತೆಗೆಯುವುದು ಒಳ್ಳೆಯದು ಎಂದು ಬರೆಸಿ, ಸ್ಲೈಡಿನ ಡಬ್ಬಿ ಎತ್ತಿಕೊಂಡು ಹೊರಟುಹೋದರು.

ಆಪರೇಶನ್ನಿಗೆ ಅಕ್ಕ ಹೆದರಿದಳು. ರಕ್ತ, ಮೂತ್ರದ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರಿಂದ ಇನ್ನೊಮ್ಮೆ ಬೇರೆ ಕಡೆ ತೋರಿಸೋಣವೇ ಎಂದು ಭಾವ ಕೇಳಿದ. “ಸರ್ ಹೇಳ್ಯಾರಂದ್ರ ಮುಗೀತು,” ಎಂದು ಎದೆ ತಟ್ಟಿ ಒಪ್ಪಿಸಿದವನು ನಾನು.

ಪಕ್ಕೆಯ ಕೆಳಗೆ ಒಂದು ಗೇಣು ಕೊಯ್ದು ನೋಡಿದರೆ ಅಡ್ರಿನಲ್ ಗ್ರಂಥಿ ತನ್ನ ಪಾಡಿಗೆ ತಾನು ತೆಳ್ಳಗೆ ಸರಿಯಾಗಿತ್ತು. ಉಬ್ಬು ಜಠರದ್ದು, ಹಿಂಬದಿಗೆ ಸಣ್ಣ ಚೀಲದಂತೆ ಜೋತುಬಿದ್ದಿತ್ತು. ಒಂದು ಗ್ಲಾಸು ನೀರಿಗೆ ಬೆಳ್ಳಗಾಗಿ ತೋರಿಕೊಳ್ಳಬಹುದಾಗಿದ್ದ ಚೀಲ. ಅಷ್ಟೇ ಆಗಿದ್ದರೆ ಗಾಯ ಮಾಯುತ್ತಿತ್ತೇನೋ. ಹುಡುಕುವಾಗ ಪಕ್ಕದ ಗುಲ್ಮ ಹರಿದು ರಕ್ತ ನಿಲ್ಲದೆ, ಅದನ್ನೂ ತೆಗೆಯಬೇಕಾಯಿತು. ಅಂದಿನಿಂದ ಸಣ್ಣ ಜ್ವರ ಬಂದರೂ ಅಕ್ಕ ದವಾಖಾನೆಗೆ ಓಡಬೇಕು. ಹೊಲಿಗೆ ಹಾಕಿದ ಜಾಗ ಸಡಿಲಾಗಿ ಹೊಟ್ಟೆ ಮುಂದಕ್ಕೆ ಬಂತು. ಕೂತು ರೊಟ್ಟಿ ಬಡಿಯುವುದು ನಿಂತೇ ಹೋಯಿತು.

ನಾಲ್ಕನೇ ದಿನ ಸರ್ ವಾರ್ಡಿಗೆ ಬಂದರು. ಮೋಸಂಬಿ ತಂದಿದ್ದರು. ಅಕ್ಕನ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಭಾವ ಕಿಟಕಿಯ ಹತ್ತಿರ, ನಾನು ಅವಳ ಕಾಲ ಬಳಿ. ಸರ್ ಇವತ್ತು ಎಲ್ಲ ಹೇಳಿ ಕ್ಷಮೆ ಕೇಳುತ್ತಾರೆ, ನಾನು ನಡುವೆ ಬಾಯಿ ಹಾಕಿ ‘ನೀವೇನ್ ಮಾಡೀರಿ ಸರ್’ ಎನ್ನಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ಅವರ ಮರ್ಯಾದೆ ಉಳಿಸುವ ಚಿಂತೆ ನನಗೆ!

“ತಂಗೀ,” ಎಂದರು ಸರ್, ನಮ್ಮ ಕತ್ತಲೆ ಕೋಣೆಯ ಅದೇ ಮೃದು ದನಿಯಲ್ಲಿ. “ನಮ್ಮ ಬಸವರಾಜ ಅವತ್ತ ಗಡಬಡಿಸಿದ. ನಿನಗ ವಾಂತಿ ಆದ ಮ್ಯಾಲ ಮತ್ತ ನೀರ ಕುಡಸೂದು ಮರತ. ಸ್ವಂತ ಅಕ್ಕ ನೋಡು, ಜೀವ ತಡೀಲಿಲ್ಲ. ಅವನ್ನ ಬಯ್ಯಬ್ಯಾಡವ್ವಾ.”

ಭಾವ ನನ್ನ ಕಡೆ ತಿರುಗಿದ.

“ಊರ ಮಂದಿಗೆಲ್ಲಾ ಕುಡಸ್ತೀಯಲ್ಲೋ. ನಿಮ್ಮಕ್ಕಗ ಮರತೇನು?”

ಆ ಕ್ಷಣ ನಾನು ಮಾತಾಡಬೇಕಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು, ಹೆದರಿದ ಮುಖ. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಆ ಮುಖಕ್ಕೆ ಮರುಗಿ ಸುಮ್ಮನಾದೆ. ಅಕ್ಕ ಕೈ ಚಾಚಿ ನನ್ನ ಬೆರಳು ಹಿಡಿದು, “ಇರ್ಲಿ ಬಿಡ. ನೀ ಬೇಕಂತ ಮಾಡಿಲ್ಲ,” ಎಂದಳು.

ಕಾರಿಡಾರಿನಲ್ಲಿ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟರು. “ನನ್ನ ಹೆಸರ ಬಂದ್ರ ಕೇಸ ಆಗತದ, ಸೆಂಟರ್ ಮುಚ್ಚತದ. ನಿನ್ನ ಮ್ಯಾಲ ಆಕಿ ಏನೂ ಮಾಡೂದಿಲ್ಲ. ಅಕ್ಕ ಅಲ್ಲೇನು? ಎರಡ ತಿಂಗಳ ತಡಿ. ನಾನ ಧನಕವಡಿಗಿ ಬಂದು ಖರೇ ಹೇಳ್ತೀನಿ.”

ನಾನು ನಂಬಿದೆ. ಎರಡು ತಿಂಗಳಾಯಿತು, ಒಂದು ವರ್ಷವಾಯಿತು. ಕೇಳಿದಾಗಲೆಲ್ಲ “ಹೋಗೂಣು, ಹೋಗೂಣು” ಎನ್ನುವರು. ಭಾವ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಅಕ್ಕ ಮಾತ್ರ ಹಬ್ಬಕ್ಕೆ ಕರೆಯುವಳು, ಬಡಿಸುವಳು, ಬಂದವರ ಮುಂದೆ “ನನ್ನ ತಮ್ಮನ ಮನಸ್ಸು ಭಾಳ ಛಲೋ, ಅವಗ ಏನೂ ಅನಬ್ಯಾಡ್ರಿ,” ಎನ್ನುವಳು. ಮಾಡದ ತಪ್ಪಿಗೆ ಕ್ಷಮೆ ಉಣ್ಣುವುದು ಎಂದರೆ ಏನೆಂದು ನನಗೆ ಗೊತ್ತು. ಬೈಸಿಕೊಳ್ಳುವುದು ಎಷ್ಟೋ ಮೇಲು.

ಎರಡು ವರ್ಷದ ಮೇಲೆ ಪುಣೆಯಲ್ಲೇ ಒಂದು ಸಭೆ. ಎಂದಿನಂತೆ ಸರ್ ಮೈಕಿನ ಹತ್ತಿರ, ನಾನು ಹಿಂದೆ ಪ್ರೊಜೆಕ್ಟರಿನ ಹತ್ತಿರ. ಬಟನ್ ಒತ್ತಿದೆ, ಹೊಸ ಸ್ಲೈಡು ಬಂತು. ಹೆಸರು ಅಳಿಸಿದ್ದರು. ಎಡಗಡೆ ನಿಂಬೆಹಣ್ಣಿನಷ್ಟು ಉಬ್ಬು, ಅಂಚು ಮಸುಕು. ಅಕ್ಕ ಕೆಮ್ಮಿದ ಚಿತ್ರ. ನಾನೇ ತೆಗೆದದ್ದು, ನನಗೆ ಗುರುತು ಸಿಗದೆ ಇರುತ್ತದೆಯೇ?

“ಹೊರಗಿನ ಕೇಸು,” ಎಂದರು ಸರ್. ಟೆಕ್ನಿಶಿಯನ್ ನೀರು ಕುಡಿಸಲು ಮರೆತಿದ್ದಾನೆ, ಡಾಕ್ಟರ್ ಅವನನ್ನು ನಂಬಿದ್ದಾನೆ, ಇಬ್ಬರೂ ಸೇರಿ ಒಬ್ಬ ಹೆಂಗಸಿನ ಹೊಟ್ಟೆ ಕೊಯ್ಯಿಸಿದ್ದಾರೆ ಎಂದರು. ಸಭೆ ನಕ್ಕಿತು. ಸರ್ ನನ್ನ ಕಡೆ ನೋಡದೆಯೇ, “ನೆಕ್ಸ್ಟ್,” ಎಂದರು.

ನಾನು ಒತ್ತಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒತ್ತಿದೆ.

ಚಹಾದ ಹೊತ್ತಿಗೆ ಅವರನ್ನು ಒಂದು ಮೂಲೆಗೆ ಕರೆದೆ. “ಅದು ಅಕ್ಕನ ಫಿಲ್ಮ್ ಅಲ್ರಿ?”

“ಹೌದು. ಎಷ್ಟ ಮಂದಿ ಕಲತ್ರು ನೋಡು ಇವತ್ತ.”

“ಹೊರಗಿನ ಕೇಸ ಅಂದ್ರಿ.”

“ಹಂಗಂದ್ರನ ಮಂದಿ ಕೇಳ್ತಾರ, ಬಸವರಾಜ. ನನ್ನದು ಅಂದ್ರ ನನ್ನ ಮಾರಿ ನೋಡ್ತಾರ, ಫಿಲ್ಮ್ ನೋಡೂದಿಲ್ಲ.”

ಅದರಲ್ಲಿ ಒಂದು ತುಣುಕು ಸತ್ಯವೂ ಇತ್ತು. ಅದಕ್ಕೇ ನನಗೆ ಇನ್ನೂ ಉರಿಯಿತು. ಒಬ್ಬ ಮನುಷ್ಯ ಪೂರ್ತಿ ಸುಳ್ಳನಾಗಿದ್ದರೆ ಬಿಟ್ಟು ಬರುವುದು ಸುಲಭ. ಮುಂದಿನ ತಿಂಗಳು ಕೆಲಸ ಬಿಟ್ಟು ಯೆರವಡಾದ ಒಂದು ಸೆಂಟರಿಗೆ ಸೇರಿದೆ. ಅಲ್ಲಿಯೂ ಕಡೆಯ ಗ್ಲಾಸನ್ನು ನನ್ನ ಕಣ್ಣೆದುರೇ ಕುಡಿಸುತ್ತೇನೆ. ಯಾರು ಕಲಿಸಿದರು ಎಂದು ಕೇಳಿದರೆ ಹೇಳುವುದಿಲ್ಲ.

ಅವರು ಎಂದಾದರೂ ಧನಕವಡಿಯ ಆ ಮೆಟ್ಟಿಲು ಹತ್ತಿ ಅಕ್ಕನ ಮುಂದೆ ಒಂದು ಮಾತು ಹೇಳುತ್ತಾರೆ ಎಂದು ನಾನು ಕಾದೇ ಇದ್ದೆ. ನಾನು ಹೇಳಿದರೆ ಅದು ನೆಪ, ಅವರು ಹೇಳಿದರೆ ಮಾತ್ರ ಸತ್ಯ, ಹಾಗಿತ್ತು ನನ್ನ ಲೆಕ್ಕ. ಅವರು ಹೋದ ಸುದ್ದಿ ಬಂದಾಗ ಮೊದಲು ಹೊಳೆದದ್ದು, ಇನ್ನು ಹೇಳುವವರು ಯಾರೂ ಉಳಿಯಲಿಲ್ಲ ಎಂಬುದು. ಅವರ ಶಿಷ್ಯರು ಒಂದು ನೆನಪಿನ ಪುಸ್ತಕ ಮಾಡುತ್ತಾರಂತೆ, ಜೊತೆಗಿದ್ದವರು ನೀವು, ಎರಡು ಪುಟ ಬರೆದು ಕೊಡಿ ಎಂದು ಫೋನು ಮಾಡಿದರು. ಇದನ್ನು ಅವರು ಹಾಕಲಾರರು.

ಅವರು ತೀರಿಕೊಂಡ ವಾರವೇ, ಭಾನುವಾರ ಮಧ್ಯಾಹ್ನ, ಅಕ್ಕನ ಮನೆಗೆ ಹೋಗಿದ್ದೆ. ಪೇಪರು ಹರಡಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ವಾಂತಿ, ರೈಲು, ಬ್ಯಾಡಂದೆ ಎಂದದ್ದು, ಕಾರಿಡಾರು, ಸ್ಲೈಡು. ಅವಳ ಕೈ ಸೊಪ್ಪು ಬಿಡಿಸುತ್ತಲೇ ಇತ್ತು. ಮುಗಿದ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

“ಬಸೂ, ಅವರು ದವಾಖಾನಿಗಿ ಬಂದು ನನ್ನ ಬಾಜೂಕ ಕುಂತು ನಿನ್ನ ಪರವಾಗಿ ಮಾತಾಡಿದ್ರು. ನಿನ್ನ ಬಯ್ಯಬ್ಯಾಡ ಅಂತ ಕೈ ಮುಗದು ಹೇಳಿದಂಗ ಹೇಳಿದ್ರು. ಇನ್ನ ಅವರ ಹದಿಮೂರ ದಿನಾನೂ ಮುಗದಿಲ್ಲ. ಸತ್ತವರ ಮ್ಯಾಲ ಹಾಕ್ತೀಯಲ್ಲೋ?”

“ಅಕ್ಕಾ, ಖರೇನ ಹೇಳಾಕತ್ತೀನಿ.”

“ನಾ ನಿನಗ ಯಾವಾಗರೆ ಏನರೆ ಅಂದೀನೇನು?”

“ಇಲ್ಲ.”

“ಮತ್ತ ಈಗ್ಯಾಕ ಇದೆಲ್ಲಾ? ನಾ ಎಂದೋ ಮಾಫ್ ಮಾಡೀನಿ ನಿನಗ. ಸುಮ್ಮನಾಗು, ಚಾ ಮಾಡ್ತೀನಿ,” ಎಂದು ಎಡಗೈಯಿಂದ ಪಕ್ಕೆ ಒತ್ತಿಕೊಂಡು ಎದ್ದಳು.